ಎಣ್ಣೆ ಬಂದಾಗ

ನಮ್ಮ ಷೆಡ್ಡಿನ ಎದುರಿಗೇ ಬಂಕು.
ಹಿಂದೂಪುರದ ಲಾರಿಗಳು ಗಡಿ ದಾಟಿ ಬಂದು
ಇಲ್ಲೇ ಟ್ಯಾಂಕು ತುಂಬಿಸಿಕೊಳ್ಳುತ್ತವೆ,
ಆ ಕಡೆಗಿಂತ ಈ ಕಡೆ ಲೀಟರಿಗೆ ಒಂದಿಷ್ಟು ಕಮ್ಮಿ ಅಂತ.
ಬೆಳಿಗ್ಗೆ ಆರಕ್ಕೆ ಬೋರ್ಡಿನ ಕೆಂಪು ಅಂಕಿಯನ್ನು
ಹಲ್ಲುಜ್ಜುತ್ತ ಓದುತ್ತೇನೆ,
ಬೇರೆಯವರು ಪಂಚಾಂಗ ನೋಡುವ ಹಾಗೆ.
ಏರಿದ್ದರೆ ಫೋನು ಬಡಿದುಕೊಳ್ಳುತ್ತದೆ:
‘ಅಕ್ಕಾ, ಹೊಂಗೆ ಡೀಸೆಲ್ಲು ಐತಾ, ಟಿಲ್ಲರಿಗೆ ಹತ್ತು ಲೀಟರು?’
ಇಳಿದಿದ್ದರೆ
ಡ್ರಮ್ಮಿನ ಮೇಲೆ ಬೆಕ್ಕು ಮಲಗುತ್ತದೆ.

ಊರೆಲ್ಲ ಶಾಪ ಹಾಕುವ ದಿನ ನನಗೆ ಹಬ್ಬ.
ಇದನ್ನು ಯಾರಿಗೂ ಹೇಳಿಲ್ಲ.

ನಾಲ್ಕು ಕೇಜಿ ಬೀಜಕ್ಕೆ ಒಂದು ಲೀಟರು.
ಬೀಜ ತರುವವಳು ಮುನಿತಾಯಮ್ಮ.
ಕೆರೆ ಏರಿಯ ಹದಿನೇಳು ಮರ
ಅವಳ ಲೆಕ್ಕದಲ್ಲಿ ಅವಳವು,
ಪಂಚಾಯಿತಿ ಲೆಕ್ಕದಲ್ಲಿ ಯಾರವೂ ಅಲ್ಲ.
ಕಾಯಿ ಬಡಿದು, ಸಿಪ್ಪೆ ಸುಲಿದು, ಗಂಟು ಕಟ್ಟಿ ತಂದು ಸುರಿದು
ತಕ್ಕಡಿಯ ಮುಳ್ಳನ್ನಲ್ಲ,
ನನ್ನ ಮುಖವನ್ನೇ ನೋಡುತ್ತಾಳೆ.

ತಾತ ಪಿಳ್ಳವೆಂಕಟಪ್ಪನ ಗಾಣ ಸುತ್ತುತ್ತಿದ್ದ ಜಾಗದಲ್ಲಿ
ಈಗ ಯೋಜನೆಯವರು ಕೊಟ್ಟ ಮಿಷಿನ್ನು.
ಎತ್ತಿನ ಕಣ್ಣಿಗೆ ಕಟ್ಟುತ್ತಿದ್ದ ಬಟ್ಟೆ ಇನ್ನೂ ಅಟ್ಟದ ಮೇಲಿದೆ.
ಎಣ್ಣೆಯನ್ನು ಅರವತ್ತು ಡಿಗ್ರಿಗೆ ಕಾಯಿಸಿ
ಮೆಥನಾಲು, ಕಾಸ್ಟಿಕ್ಕು ಬೆರೆಸಿ ರಾತ್ರಿಯಿಡೀ ಬಿಟ್ಟರೆ
ಭಾರವಾದದ್ದು ಕೆಳಗೆ, ಬೆಲ್ಲದ ಪಾಕದ ಬಣ್ಣ;
ಹಗುರವಾದದ್ದು ಮೇಲೆ, ಉರಿಯುವಂಥದ್ದು.
ಕೈಯ ವಾಸನೆ ಮಾತ್ರ ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು.
ಮುದ್ದೆ ಮುರಿದರೂ ಕಹಿ.

ಮೊನ್ನೆ ಗೌರಿಬಿದನೂರಿನಲ್ಲಿ ಇಂಧನದ ಸಭೆ.
‘ಒಂದು ಕ್ಯಾನು ತನ್ನಿ, ಪ್ರದರ್ಶನಕ್ಕೆ’ ಅಂದಿದ್ದರು.
ಐದು ಲೀಟರಿನದನ್ನು ಮೇಜಿನ ಮೇಲಿಟ್ಟರೆ
ಅದರ ಕತ್ತಿಗೂ ಒಂದು ಚೆಂಡುಹೂವಿನ ಹಾರ!
ಬೆಲೆ ಏರಿಸಿದ್ದು ಕೇಂದ್ರ ಅಂದರು ಒಬ್ಬರು,
ಅಲ್ಲ, ರಾಜ್ಯ ಅಂದರು ಇನ್ನೊಬ್ಬರು,
ಟೈ ಕಟ್ಟಿದವರು ಎರಡೂ ಅಲ್ಲ, ಬ್ಯಾರೆಲ್ಲು ಅಂದರು.
‘ಹತ್ತು ವರ್ಷಕ್ಕೆ ಎಲ್ಲ ಬ್ಯಾಟರಿ. ಆಮೇಲೆ ಹೊಂಗೆ ಯಾರಿಗೆ ಬೇಕು?’
ಹಿಂದಿನ ಸಾಲಿನಿಂದ ಮುನಿತಾಯಮ್ಮ ಎದ್ದಳು:
‘ಸೀಮೆಎಣ್ಣೆ ನಿಲ್ಲಿಸಿದ್ರಿ.
ಸಿಲಿಂಡರು ಕೊಟ್ರಿ, ತುಂಬಿಸೋ ದುಡ್ಡು ಕೊಡಲಿಲ್ಲ.
ಹೋಗ್ಲಿ. ನನ್ನ ಬೀಜದ ರೇಟು ಯಾವ ಬೋರ್ಡಲ್ಲಿ ಬರ್ತೈತೆ ಸ್ವಾಮಿ?’
ಉತ್ತರಕ್ಕೆಂದು ಮೈಕು ಕೈಯಿಂದ ಕೈಗೆ ಹೋಗುವಷ್ಟರಲ್ಲಿ
ಕರೆಂಟು ಹೋಯಿತು.

‘ಜನರೇಟರು!’
‘ಡೀಸೆಲ್ಲಿಲ್ಲ ಸಾರ್, ಹೋದ ತಿಂಗಳ ಬಿಲ್ಲೇ ಪಾಸಾಗಿಲ್ಲ.’
ಜವಾನ ಜಬೀವುಲ್ಲಾ ಮೊಬೈಲಿನ ಬೆಳಕನ್ನು ನನ್ನ ಮುಖಕ್ಕೆ ಬಿಟ್ಟ,
ಆಮೇಲೆ ಕ್ಯಾನಿಗೆ.
ಹಾರ ತೆಗೆದು ಕುರ್ಚಿಯ ಮೇಲಿಟ್ಟೆವು.

ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿಯಿತು.
ಫ್ಯಾನು ತಿರುಗಿದವು, ಮೈಕು ಕಿರುಚಿತು,
ಎಲ್ಲರ ಮುಖವೂ ಅವರವರ ಜಾಗಕ್ಕೆ ವಾಪಸು ಬಂತು.
ಮಾತು ನಿಂತಲ್ಲಿಂದಲೇ ಮತ್ತೆ ಶುರು,
ಮುನಿತಾಯಮ್ಮನ ಪ್ರಶ್ನೆಯೊಂದನ್ನು ಬಿಟ್ಟು.
ಕಿಟಕಿಯಿಂದ ಹೊಗೆಯ ಒಂದೆಳೆ ತೂರಿತು.
‘ಯಾರೋ ವಡೆ ಕರೀತಿದ್ದಾರೆ’ ಅಂದರು ಟೈಯವರು, ಮೂಗರಳಿಸಿ.
ನಿರ್ಣಯ ಬರೆದದ್ದೂ ಆ ಬೆಳಕಿನಲ್ಲೇ:
‘ಸ್ಥಳೀಯ ಇಂಧನವು ಇನ್ನೂ ಪ್ರಯೋಗದ ಹಂತದಲ್ಲಿದೆ.’

‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ’
ಮುನಿತಾಯಮ್ಮ ನನ್ನ ಕಿವಿಯಲ್ಲಿ.
ನಗು ತಡೆಯಲಾಗದೆ ಇಬ್ಬರೂ ಹೊರಗೆ ಬಂದೆವು.

ದುಡ್ಡು ಕೇಳಿದ್ದಕ್ಕೆ ಕೊಟೇಷನ್ ಕಳಿಸಿ ಅಂದರು,
ಮೂರು ಪ್ರತಿ, ಸೀಲು ಹಾಕಿ.
ಖಾಲಿ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೊನೆ ಬಸ್ಸು ಹತ್ತಿದೆ.
ಐದು ಲೀಟರು ಅಂದರೆ ಇಪ್ಪತ್ತು ಕೇಜಿ,
ಇಪ್ಪತ್ತು ಕೇಜಿ ಅಂದರೆ ಪಕ್ಕದಲ್ಲಿ ತೂಕಡಿಸುತ್ತಿರುವವಳ
ಎರಡೂವರೆ ದಿನದ ಸೊಂಟ.
ಬಂಕಿನ ಬೋರ್ಡು ದೂರದಿಂದಲೇ ಕಂಡಿತು.
ನಾಳೆ ಏರಲಿ ಅಂತ ಬೇಡಿಕೊಳ್ಳಲು ಹೋದೆ,
ಟಿಕೆಟ್ಟಿನ ಚೀಟಿ ಕೈಯಲ್ಲೇ ಇತ್ತು, ಬಾಯಿ ಬರಲಿಲ್ಲ.

ಇಳಿಯುವಾಗ ನೋಡುತ್ತೇನೆ, ಅವಳ ಮಡಿಲಲ್ಲಿ ಆ ಹಾರ.
‘ಇದ್ಯಾಕಮ್ಮ?’
‘ಬಿಟ್ಟು ಬರೋಕಾಯ್ತದಾ? ಮೇಕೆ ತಿಂತೈತೆ’ ಅಂದಳು.