ಉಲ್ಕೇಶನ ಆರನೇ ಕಂತು

ಐದೂವರೆಗೇ ಊಟ ಮುಗಿಸುವ ದೆವ್ವ
ಹಾಸನದಲ್ಲಿ ಇದೊಂದೇ ಇರಬೇಕು.
ಧರಣೇಂದ್ರಯ್ಯ, ಬಸದಿಯ ಹಿಂದಿನ ಮನೆ.
ಹೊತ್ತು ಮುಳುಗಿದರೆ ತುತ್ತು ಮುಟ್ಟದವರು
ಇಪ್ಪತ್ತೇಳು ಚಿತ್ರಗಳಲ್ಲಿ ನಡುರಾತ್ರಿ ರಕ್ತ ಕುಡಿದರು.
ಬೆಲ್ಲದ ಪಾಕ, ಬಣ್ಣ. ಜೇನು ಬೆರೆಸಿದರೆ
ಕೋರೆಹಲ್ಲು ಕಳಚಿಟ್ಟು ಎದ್ದೇ ಹೋಗುತ್ತಿದ್ದರಂತೆ.

ನಮ್ಮವ್ವ ಅವರನ್ನು ನೋಡಿದ್ದು ಟೆಂಟಿನಲ್ಲಿ,
ಬೆರಳ ಸಂದಿಯಿಂದ, ಒಂದೇ ಸಲ.
ಆ ರಾತ್ರಿ ಬಾಗಿಲಿಗೆ ಸೀಮೆಸುಣ್ಣದಲ್ಲಿ
'ನಾಳೆ ಬಾ' ಎಂದು ಬರೆದಳು.
ಆಮೇಲೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಎದುರಾದರೆ
ಬದನೆಕಾಯಿ ಆರಿಸುವವಳ ಹಾಗೆ ಬಗ್ಗಿಬಿಡುತ್ತಿದ್ದಳು.

ಈಗ ಟೀವಿಯವರ ಕರೆ.
ಆಕಾಶದಿಂದ ಬಿದ್ದ ವೀರ ಉಲ್ಕೇಶ;
ಅವನ ಆರನೇ ಕಂತಿಗೆ ಒಂದು ದಿನದ ಅತಿಥಿ,
ಪಾಳು ಇಗರ್ಜಿಯ ಮುದಿ ಕಾವಲುಗಾರ.
"ಎಷ್ಟು ಹೆದರಿಸಬೇಕು?" ಎಂದು ಕೇಳಿದರು.
"ಇಲ್ಲ ಸರ್, ನೀವು ಹೆದರಬೇಕು."

ನನ್ನ ಆಟೋದಲ್ಲೇ ಶೆಟ್ಟಿಹಳ್ಳಿಗೆ ಹೋದದ್ದು.
ದಾರಿಯುದ್ದಕ್ಕೂ ಹಿಂದೆ ಕೂತು ಹೆದರಿಕೆ ಅಭ್ಯಾಸ ಮಾಡಿದರು.
ಕನ್ನಡಿಯಲ್ಲಿ ಆ ಕಣ್ಣು ಅರಳಿದಾಗೆಲ್ಲ
ಬ್ರೇಕು ಒತ್ತಿದ್ದು ನಾನು.

ಚಾವಣಿಯಿಲ್ಲದ ಗೋಡೆ, ಹಿನ್ನೀರು ಬಿಟ್ಟುಹೋದ ಬಿರುಕು ಮಣ್ಣು,
ಕೋಲಿನ ತುದಿಗೆ ಸಿಕ್ಕಿಸಿದ ಹಸಿರು ಚೆಂಡು.
"ಇದೇ ರಾಕ್ಷಸ ಸರ್. ಮಿಕ್ಕಿದ್ದು ಕಂಪ್ಯೂಟರಿನಲ್ಲಿ ಬರುತ್ತೆ."
ಒಂಬತ್ತು ಟೇಕು.
ಕಿರುಚುವುದು ಇಷ್ಟು ವರ್ಷ ಬೇರೆಯವರ ಕೆಲಸವಾಗಿತ್ತು.

ಹತ್ತನೆಯದಕ್ಕೆ ಉಲ್ಕೇಶನನ್ನು ಹಗ್ಗದಲ್ಲಿ ಎಳೆದರು
ಕಮಾನಿಗಿಂತ ಮೇಲೆ. ಕೆಂಪು ಮೇಲಂಗಿ
ಗಾಳಿಗೆ ಅವನ ಬಾಯಿಗೇ ಬಡಿಯುತ್ತಿತ್ತು.
ಅರಸೀಕೆರೆ ಕಡೆಯ ಹುಡುಗ, ಇನ್ನೂ ಮೀಸೆ ದಪ್ಪವಾಗಿಲ್ಲ.
ಎಲ್ಲರೂ ಮಾನಿಟರ್ ನೋಡುತ್ತಿದ್ದರು,
ಇವರು ಅವನ ಬೂಟು ನೋಡಿದರು.
ಬೂಟು ನಡುಗುತ್ತಿತ್ತು.

ಹೇಳಿಕೊಟ್ಟ ಮಾತು ಬಿಟ್ಟು, ನಿಲ್ಲಿಸಿದ ಗೆರೆ ದಾಟಿ
ಮುಂದೆ ಬಂದರು:
"ಮಗಾ, ಕೆಳಗೆ ನೋಡಬ್ಯಾಡ.
ನನ್ನ ಮುಖ ನೋಡು.
ನನ್ನ ಮುಖಾನೇ ನೋಡ್ತಿರು."

ಅವನು ನೋಡಿದ.

ಟೇಕು ಕೆಟ್ಟಿತು ಎಂದು ಯಾರೋ ಬೈದರು, ಇಳಿಸಿದರು.
ಅದನ್ನೇ ಇಟ್ಟುಕೊಂಡರೋ ಕತ್ತರಿಸಿದರೋ ಗೊತ್ತಿಲ್ಲ,
ಕಂತು ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಹೆಂಡತಿ ಕಟ್ಟಿಕೊಟ್ಟ ಡಬ್ಬಿ
ಬಿಚ್ಚದೆ ತೊಡೆಯ ಮೇಲೆ.
ಗೊರೂರು ರಸ್ತೆಯ ಕ್ಯಾಂಟೀನಿನಲ್ಲಿ ನಾನು ಇಡ್ಲಿ ತಿಂದೆ,
ಅವರು ಬಣ್ಣ ಒರೆಸದೆ ಆಟೋದಲ್ಲೇ ಕೂತಿದ್ದರು.
ಕ್ಯಾಂಟೀನಿನವನ ಮಗಳು, ಆರೋ ಏಳೋ ವರ್ಷ,
ಪರದೆ ಸರಿಸಿ ಇಣುಕಿ, ಓಡದೆ,
"ಊಟ ಆಯ್ತಾ ತಾತ?" ಅಂದಳು.

"ನಾಳೆ" ಎಂದಿತು ದೆವ್ವ.