ಭಾನುವಾರದ ಗಾಡಿ

ಶನಿವಾರ ರಾತ್ರಿಯೇ ಒಲೆ ಹೊತ್ತಿಸಬೇಕು.
ಅವಸರ ಮಾಡಿದರೆ ಬಾಯ್ಲರು ಬಿರಿಯುತ್ತೆ,
ಬಾಣಂತಿಗೆ ಕಾವು ಕೊಟ್ಟ ಹಾಗೆ, ಮೆಲ್ಲಗೆ ಕಣೋ,
ಅಂತಾರೆ ಚೌರಪ್ಪ.

ಯಲಹಂಕದ ಶೆಡ್ಡಿಗೆ ನೀರು ತಂದದ್ದು ಟ್ಯಾಂಕರ್ ಲಾರಿ,
ಎದುರಿನ ಅಪಾರ್ಟ್‌ಮೆಂಟಿಗೆ ಹೋಗಬೇಕಿದ್ದದ್ದು.
ಡ್ರೈವರು ಗೊಣಗಿದ: "ಇದಕ್ಕೂ ಬಾಯಾರಿಕೆಯಾ?"
ಆರು ಸಾವಿರ ಲೀಟರು ಕುಡಿದು
ತೇಗಲೂ ಇಲ್ಲ ಅದು.

ಗೇಜು ನೋಡುವವನು ನಾನು.
ಅವರು ತಗಡಿಗೆ ಕಿವಿ ಕೊಡುತ್ತಾರೆ,
ಹಲಸಿನಹಣ್ಣು ತಟ್ಟಿ ನೋಡುವವರಂತೆ.
"ಇನ್ನೂ ಎಂಟು ಸಲಿಕೆ."
ಮುಳ್ಳು ಆಮೇಲೆ, ನಿಧಾನಕ್ಕೆ, ಒಪ್ಪಿಕೊಳ್ಳುತ್ತೆ.

ಬೆಳಿಗ್ಗೆ ಗೇಟಿನ ತುಂಬ ಎತ್ತಿ ಹಿಡಿದ ಮೊಬೈಲು.
ಮೂರನೇ ಮಹಡಿಯಲ್ಲಿ ಒಬ್ಬಾಕೆ
ಒಣಹಾಕಿದ ಬಿಳಿ ದುಪ್ಪಟಿ ಎಳೆದುಕೊಂಡು ಒಳಗೋಡಿದಳು.
ಚೌರಪ್ಪನಿಗೆ ಅದೇ ಖುಷಿ:
"ನೋಡಿದೆಯಾ, ಒಬ್ಬರಾದರೂ
ಇದನ್ನ ನಿಜವಾದ ಗಾಡಿ ಅಂದುಕೊಂಡ್ರು."

ನಂದಿ ಹಾಲ್ಟಿನವರೆಗೆ ಹೋಗಿ ತಿರುಗಿ ಬಂದೆವು.
ಯಾರನ್ನೂ ಎಲ್ಲಿಗೂ ಮುಟ್ಟಿಸಲಿಲ್ಲ.
ಹತ್ತಿದ ಕಡೆಯೇ ಇಳಿದರು ಎಲ್ಲರೂ,
ಕಣ್ಣಿಗೆ ಬಿದ್ದ ಇದ್ದಿಲ ಕಣ ಉಜ್ಜಿಕೊಳ್ಳುತ್ತ.

ಸೋಮವಾರ ಬೀಗ ತೆಗೆದಾಗ
ಬಾಯ್ಲರಿನ್ನೂ ಉಗುರುಬೆಚ್ಚಗೆ.
ಅಡಿಯಲ್ಲಿ ಬೀದಿನಾಯಿಯೊಂದು, ನಾಲ್ಕು ಮರಿ.
ಬಗ್ಗಿ ನೋಡಿದರು ಚೌರಪ್ಪ,
ಬೂದಿ ಬಳಿಯೋದು ನಾಳೆ ಮಾಡಿದರಾಯ್ತು, ಅಂದರು.