ಮೂರನೆಯ ಬಣ್ಣ

ಬಾಂಟಮ್ ಅಂದರೆ ಗಿಡ್ಡ ಜಾತಿಯ ಹುಂಜ.
ಸಿಕ್ಕಿದ್ದೂ ಕೋಳಿಗೂಡಿನಲ್ಲೇ.
ಮೂವತ್ತು ವರ್ಷ ಅದರ ಸೀಟಿನ ಮೇಲೆ ಕೂತು
ಮೊಟ್ಟೆಯಿಟ್ಟ ಹೇಂಟೆಗಳಿಗೆ
ಇದೊಂದು ಬೈಕು ಎಂದು ಯಾರೂ ಹೇಳಿರಲಿಲ್ಲ.

ಎಂಬತ್ತು ಪೌಂಡು, ಜೊತೆಗೊಂದು ಡಜನ್ ಮೊಟ್ಟೆ.
ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದೆ.
ಗ್ವೆನ್‌ಲಿಯನ್ ಹೊಸಿಲು ಬಿಟ್ಟಿಳಿಯದೆ ಕೇಳಿದಳು:
ಹೆಣವೋ, ರೋಗಿಯೋ?
ನೋಡೋಣ, ಅಂದೆ.

ನಮ್ಮ ವೇಲ್ಸಿನ ಈ ಊರಲ್ಲಿ
ಬೆಟ್ಟವೆಂದರೆ ಒಡೆದ ಸ್ಲೇಟಿನ ರಾಶಿ.
ಎಲ್ಲೆಲ್ಲಿಯ ಮಕ್ಕಳೋ ಅಕ್ಷರ ತಿದ್ದಿ ಒರೆಸಿದ ಪಾಟಿ
ಇಲ್ಲಿಂದ ಹೊರಟದ್ದು; ಚೂರು ನಮ್ಮ ಪಾಲು.
ಆ ಚೂರಿಗೆ ಬೆನ್ನು ಕೊಟ್ಟ ಶೆಡ್ಡಿನಲ್ಲಿ
ಸಿಲಿಂಡರಿಗೆ ಡೀಸೆಲ್ ಸುರಿದು ಹನ್ನೊಂದು ದಿನ ಕಾದೆ.
ಹನ್ನೆರಡನೆಯ ದಿನ ಪಿಸ್ಟನ್ನು
ಕೂದಲೆಳೆಯಷ್ಟು ಮಿಸುಕಿತು.

ಟ್ಯಾಂಕಿಗೆ ವಿನೆಗರ್, ಒಂದು ಹಿಡಿ ಮೊಳೆ;
ಕುಲುಕಿ ಕುಲುಕಿ ಭುಜ ಬಿದ್ದುಹೋಯಿತು.
ಕಾರ್ಬ್ಯುರೇಟರ್ ಬೆಂದದ್ದು ಜಾಮಿನ ಪಾತ್ರೆಯಲ್ಲಿ.
ಆ ವರ್ಷ ನಮ್ಮಲ್ಲಿ ಪ್ಲಮ್ ಜಾಮ್ ಆಗಲಿಲ್ಲ,
ಮಾತೂ ಅಷ್ಟಕ್ಕಷ್ಟೆ.

ಆಮೇಲೆ ಬಣ್ಣ.
ಮೇಲೆ ಕಡುಹಸಿರು, ಯಾರದೋ ಬಾಗಿಲಿಗೆ ಬಳಿದು ಮಿಕ್ಕಿದ್ದು.
ಕೆಳಗೆ ಕಪ್ಪು.
ಮರಳುಕಾಗದ ತಿಕ್ಕುತ್ತಾ ತಿಕ್ಕುತ್ತಾ ಕಪ್ಪಿನಡಿ
ಉಗುರಗಲ
ಕೆಂಪು.

ಕೈ ನಿಂತಿತು.

ಅದು ಅಂಚೆಯ ಕೆಂಪು.
ಹದಿನಾರರ ನಾನು ಟೆಲಿಗ್ರಾಂ ಹುಡುಗ,
ಅಣ್ಣನಿಗೂ ದೊಗಳೆಯಾಗುವ ಕೋಟು, ಸೊಂಟಕ್ಕೆ ಚರ್ಮದ ಚೀಲ.
ಮದುವೆ ಒಯ್ದಿದ್ದೇನೆ, ಅವಳಿ ಜವಳಿ ಒಯ್ದಿದ್ದೇನೆ,
ಒಮ್ಮೆ ಕುದುರೆ ಜೂಜಿನ ಗೆಲುವನ್ನೂ.
ಆದರೂ ತಿರುವಿನಲ್ಲಿ ನನ್ನ ಸದ್ದು ಕೇಳಿದ್ದೇ
ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು:
ಪಕ್ಕದ ಮನೆಗಿರಲಿ, ದೇವರೇ,
ಪಕ್ಕದ ಮನೆಗಿರಲಿ.

ಕೊಟ್ಟು ಓಡುವಂತಿರಲಿಲ್ಲ.
ಓದಿ ಮುಗಿಸುವ ತನಕ ನಿಂತು ಕೇಳಬೇಕು, ನಿಯಮ:
ಉತ್ತರವಿದೆಯೇ?

ಮಿಸೆಸ್ ಬೆವನ್ ಓದಿದರು. ಮಗ ಹಡಗಿನಲ್ಲಿದ್ದ.
ಮಡಚಿದರು. ಮತ್ತೂ ಸಣ್ಣಗೆ ಮಡಚಿದರು.
ನಾನು ಕೇಳಿದೆ.
ಒಳಗೆ ಹೋಗಿ ಆಗಷ್ಟೇ ಬೆಂದ ಬ್ರೆಡ್ಡಿನ ತುಂಡು ತಂದು
ನನ್ನ ಕೈಲಿಟ್ಟು,
ಚಳಿ ಇದೆ ಮಗು, ಗುಂಡಿ ಹಾಕಿಕೋ, ಅಂದರು.
ಉತ್ತರವಿಲ್ಲ, ಎಂದು ಬರೆದುಕೊಂಡೆ.
ಬ್ರೆಡ್ಡು ತಿಂದೆ. ಹಸಿವಾಗಿತ್ತು.

ಇದೇ ಆ ಬೈಕೆಂದು ಹೇಳಲಾರೆ.
ನಂಬರು ಫಲಕ ಎಲ್ಲಿ ಹೋಯಿತೋ ಕೋಳಿಗಳೇ ಬಲ್ಲವು.
ಎಡ ಹಿಡಿಕೆ ತುಸು ಬಾಗಿದೆ ನಿಜ;
ಬಾಗದ ಹಿಡಿಕೆ ಆ ಕಾಲದಲ್ಲಿ ಯಾವುದಿತ್ತು?

ಕೆಂಪೇ ಬಳಿ, ಬೆಲೆ ಬರುತ್ತದೆ, ಅಂದಳು ಗ್ವೆನ್‌ಲಿಯನ್.
ತಿಳಿಹಸಿರು ಬಳಿದೆ.
ಟ್ಯಾಂಕಿನ ಹೊಟ್ಟೆಯಡಿ, ಯಾರೂ ಬಗ್ಗಿ ನೋಡದ ಕಡೆ,
ಹೆಬ್ಬೆರಳಿನಷ್ಟು ಜಾಗ ಮಾತ್ರ ಮುಟ್ಟಲಿಲ್ಲ.

ಇವತ್ತು ಭಾನುವಾರ.
ಬೀದಿಗೆ ತಂದು ನಿಲ್ಲಿಸಿ ಒದ್ದೆ. ಸುಮ್ಮನಿತ್ತು.
ಒದ್ದೆ. ಪೆಟ್ರೋಲಿನ ವಾಸನೆ, ಅಷ್ಟೆ.
ಉತ್ತರವಿದೆಯೇ? ಅಂದೆ, ಗ್ವೆನ್‌ಲಿಯನ್‌ಗೆ ಕೇಳದ ಹಾಗೆ.
ಆರನೆಯ ಒದೆತಕ್ಕೆ ಕೆಮ್ಮಿ, ಸೀನಿ, ನೀಲಿ ಹೊಗೆ ಕಾರಿ
ಕೂಗತೊಡಗಿತು ಹುಂಜ.
ಎಲ್ಲಿ ಅಡಗಿತ್ತೋ, ಒಂದು ಪುಕ್ಕವೂ ಹಾರಿತು.

ಎದುರು ಮನೆಯ ಪರದೆ ಸರಿಯಿತು.
ತೊಂಬತ್ತು ದಾಟಿದ ಬ್ಲೋಡ್ವೆನ್,
ಮುಖ ಗಾಜಿಗೆ ಅಂಟಿದೆ, ಬಿಳಿಚಿಕೊಂಡಿದೆ.

ನಾನು ಬೈಕು ಬಿಟ್ಟು
ಎರಡೂ ಕೈ ಮೇಲೆತ್ತಿ, ಬಿಡಿಸಿ, ತಿರುಗಿಸಿ ತೋರಿಸಿದೆ:
ಬರಿಗೈ, ಬರಿಗೈ.